ಬಿಷಪ್ ನೇಮಕದ ಕಡತ ಮತ್ತು ಕಾರ್ಡಿನಲ್ ಕಸರೋಲಿ

ಅಗೊಸ್ತಿನೊ ಕಸರೋಲಿ (1914–1998) ವಿದೇಶದಲ್ಲಿ ಒಮ್ಮೆಯೂ ನನ್ಶಿಯೊ, ಅಂದರೆ ಪೋಪರ ರಾಯಭಾರಿ, ಆಗಿ ಕೂತವರಲ್ಲ. 1937ರಲ್ಲಿ ಗುರುದೀಕ್ಷೆ, ಅಂದರೆ ಪಾದ್ರಿಯ ದೀಕ್ಷೆ, ಪಡೆದು, 1940ರಲ್ಲಿ ಪೋಪರ ಆಡಳಿತ ಮತ್ತು ವಿದೇಶ ವ್ಯವಹಾರ ನೋಡುವ ವ್ಯಾಟಿಕನ್ನಿನ ರಾಜ್ಯ ಸಚಿವಾಲಯ ಸೇರಿ, ಕಡತ ಓದುತ್ತ ಕರಡು ತಿದ್ದುತ್ತ ಅಲ್ಲೇ ಬೆಳೆದವರು. 1979ರಲ್ಲಿ ಕಾರ್ಡಿನಲ್ ಆಗಿ ಅದೇ ಸಚಿವಾಲಯದ ಮುಖ್ಯಸ್ಥರಾದರು. ಅವರನ್ನು ‘ಕಮ್ಯುನಿಸ್ಟರ ಜೊತೆ ಮಾತಾಡಿದ ಪಾದ್ರಿ’ ಎಂದಷ್ಟೇ ಹೇಳಿ ಮುಗಿಸುವುದು ರೂಢಿ. ಮಾತಾಡಿದ್ದು ಯಾವುದರ ಬಗ್ಗೆ ಎಂಬುದೇ ಮುಖ್ಯ: ಬಿಷಪ್‌ಗಳ ನೇಮಕ.

ಬಿಷಪ್ ಇಲ್ಲದಿದ್ದರೆ ಹೊಸ ಗುರುಗಳಿಗೆ ದೀಕ್ಷೆ ಕೊಡುವವರಿಲ್ಲ. ಇರುವ ಗುರುಗಳಿಗೆ ವಯಸ್ಸಾಗುತ್ತದೆ, ಒಂದು ತಲೆಮಾರಿನಲ್ಲಿ ಚರ್ಚುಗಳಲ್ಲಿ ಪೂಜೆ ನಿಲ್ಲುತ್ತದೆ. ಮಾಮೂಲಿ ಕ್ರಮದಲ್ಲಿ ಆ ದೇಶದ ನನ್ಶಿಯೊ ಗುಟ್ಟಾಗಿ ವಿಚಾರಿಸಿ, ಮೂರು ಹೆಸರುಗಳ ಪಟ್ಟಿಯನ್ನು ರೋಮಿಗೆ ಕಳಿಸುತ್ತಾರೆ, ಆಯ್ಕೆ ಪೋಪರದು. ಹಂಗೇರಿಯಲ್ಲಿ ನನ್ಶಿಯೊನನ್ನು 1945ರಲ್ಲೇ ಹೊರಹಾಕಲಾಗಿತ್ತು. ಅಲ್ಲಿನ ಕಮ್ಯುನಿಸ್ಟ್ ಸರ್ಕಾರದ ಒಪ್ಪಿಗೆಯಿಲ್ಲದೆ ಯಾರನ್ನೂ ನೇಮಿಸುವಂತಿಲ್ಲ ಎಂಬ ಕಟ್ಟಳೆ ಬೇರೆ. ಹಾಗಾಗಿ 1963ರಲ್ಲಿ ಪೋಪ್ 23ನೇ ಜಾನ್ ಕಸರೋಲಿಯವರನ್ನೇ ಬುಡಾಪೆಸ್ಟ್‌ಗೂ ಪ್ರಾಗ್‌ಗೂ ಕಳಿಸಿದರು.

1964ರ ಸೆಪ್ಟೆಂಬರ್ 15ರಂದು ಬುಡಾಪೆಸ್ಟಿನಲ್ಲಿ ಸಹಿಯಾದ ಒಪ್ಪಂದದ ರಚನೆಯಲ್ಲಿ ಅವರ ಕೈಚಳಕ ಕಾಣುತ್ತದೆ. ಒಪ್ಪಿಗೆಯಾದದ್ದು ಸ್ವಲ್ಪ: ಬಿಷಪ್‌ಗಳ ನೇಮಕ, ರಾಜ್ಯನಿಷ್ಠೆಯ ಪ್ರಮಾಣವಚನ, ರೋಮಿನಲ್ಲಿ ಗುರುಗಳ ಓದಿಗಿದ್ದ ಹಂಗೇರಿಯನ್ ಸಂಸ್ಥೆಯ ಆಡಳಿತ. ಒಪ್ಪಿಗೆಯಾಗದ್ದನ್ನು ಮುಚ್ಚಿಡಲಿಲ್ಲ, ಎರಡೂ ಕಡೆಯವರ ನಿಲುವುಗಳನ್ನು ಜೊತೆಗಿದ್ದ ದಾಖಲೆಯಲ್ಲಿ ಬರೆದಿಟ್ಟರು. ಪ್ರಮಾಣವಚನಕ್ಕೆ ‘ಬಿಷಪ್‌ಗೆ ತಕ್ಕಂತೆ’ ಎಂಬ ಪುಟ್ಟ ಮಾತು ಸೇರಿತು. ಧರ್ಮಕ್ಕೆ ವಿರುದ್ಧವಾದ ಕಾನೂನಿಗೆ ಈ ಪ್ರಮಾಣ ಬಿಷಪ್‌ನನ್ನು ಕಟ್ಟಿಹಾಕದು ಎಂದು ರೋಮ್ ವಾದಿಸಲು ಅಷ್ಟು ಜಾಗ ಸಾಕಿತ್ತು. ಐದು ಮಂದಿ ಹೊಸ ಬಿಷಪ್‌ಗಳು ಬಂದರು. ಅಮೆರಿಕದ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದಿದ್ದ, ಹಂಗೇರಿಯ ಚರ್ಚಿನ ಮುಖ್ಯಸ್ಥ ಕಾರ್ಡಿನಲ್ ಮಿಂಡ್‌ಸೆಂಟಿಯವರ ಸಮಸ್ಯೆ ಮಾತ್ರ ಹಾಗೇ ಉಳಿಯಿತು. ಅವರು ದೇಶ ಬಿಟ್ಟದ್ದು 1971ರಲ್ಲಿ.

ಈ ವಿಧಾನದ ದೋಷವೂ ಇಲ್ಲೇ ಇದೆ. ಸರ್ಕಾರದ ಒಪ್ಪಿಗೆ ಬೇಕೆಂದರೆ ಸರ್ಕಾರ ಸಹಿಸುವ ಹೆಸರುಗಳೇ ದಾಟುತ್ತವೆ. 1973ರಲ್ಲಿ ಕಸರೋಲಿಯವರೇ ಚೆಕೊಸ್ಲೊವಾಕಿಯಕ್ಕೆ ಹೋಗಿ ನಾಲ್ವರಿಗೆ ಬಿಷಪ್ ದೀಕ್ಷೆ ಕೊಟ್ಟರು. ಅವರಲ್ಲಿ ಒಬ್ಬರಾದ ಯೋಸೆಫ್ ವ್ರಾನಾ, ಸರ್ಕಾರದ ಕೃಪೆಯಲ್ಲಿ ನಡೆಯುತ್ತಿದ್ದ ಗುರುಗಳ ಸಂಘಟನೆಯ ಮುಖ್ಯಸ್ಥರು. ಹಂಗೇರಿಯ ಗುಪ್ತಚರರು ರೋಮಿನ ಆ ಸಂಸ್ಥೆಯೊಳಗೂ ನುಸುಳಿದ್ದರು. ಜೈಲು ಕಂಡು ಬಂದಿದ್ದ ಗುರುಗಳಿಗೆ ಇದು ದ್ರೋಹವೆನಿಸಿದ್ದರೆ ಅವರನ್ನು ತಪ್ಪೆನ್ನಲಾಗದು. ನನ್ನ ಮಟ್ಟಿಗೆ ಹಂಗೇರಿಯ ಒಪ್ಪಂದ ಸಮರ್ಥನೀಯ, ವ್ರಾನಾ ನೇಮಕ ಅಲ್ಲ. ಖಾಲಿ ಪೀಠ ತುಂಬಬೇಕೆಂಬ ಆತುರದಲ್ಲಿ ಯಾರನ್ನು ಕೂರಿಸುತ್ತೇವೆ ಎಂಬ ಪ್ರಶ್ನೆ ಹಿಂದೆ ಸರಿದಿತ್ತು.

1975ರ ಆಗಸ್ಟ್ 1ರಂದು ಹೆಲ್ಸಿಂಕಿಯ ಅಂತಿಮ ದಾಖಲೆಗೆ, ಅಂದರೆ ಯುರೋಪಿನ ಭದ್ರತೆ ಮತ್ತು ಸಹಕಾರದ ಬಗ್ಗೆ ಪೂರ್ವ–ಪಶ್ಚಿಮ ದೇಶಗಳು ಮಾಡಿಕೊಂಡ ಒಪ್ಪಂದಕ್ಕೆ, ಪೋಪರ ಪರವಾಗಿ ಸಹಿ ಹಾಕಿದವರೂ ಕಸರೋಲಿಯೇ. ಅದರ ಏಳನೇ ತತ್ವದಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಹೆಸರು ಬಂತು. ಮುಂದೆ ಪೂರ್ವ ಯುರೋಪಿನ ಭಿನ್ನಮತೀಯರು ತಮ್ಮ ಸರ್ಕಾರಗಳ ಮುಂದೆ ಹಿಡಿದದ್ದು ಇದೇ ಕಾಗದವನ್ನು.

1990ರ ಫೆಬ್ರವರಿ 9ರಂದು ಅವರು ಮತ್ತೆ ಬುಡಾಪೆಸ್ಟಿನಲ್ಲಿದ್ದರು, ಈ ಸಲ ಕಮ್ಯುನಿಸ್ಟ್ ಆಳ್ವಿಕೆ ಕೊನೆಗೊಳ್ಳುತ್ತಿದ್ದ ಹೊತ್ತಿನಲ್ಲಿ, ಹಂಗೇರಿಯ ಪ್ರಧಾನಿ ನೇಮೆತ್ ಎದುರು. ರಾಯಭಾರ ಸಂಬಂಧ ಮರಳಿತು, 1964ರ ಒಪ್ಪಂದ ರದ್ದಾಯಿತು. ಬಿಷಪ್ ನೇಮಕ ಮತ್ತೆ ಚರ್ಚಿನ ಕಾನೂನಿಗೆ ಸೇರಿತು.