ಮೊದಲ ಸ್ಪೋರ್ಟ್ಸ್ ಕಾರು: ಎಷ್ಟು ಲೀಟರ್ ಎಂದು ಕೇಳುವ ಮುನ್ನ

ಬಳಸಿದ ವಿದೇಶಿ ಕಾರುಗಳನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಿ ವರದಿ ಕೊಡುವುದು ನನ್ನ ವೃತ್ತಿ. ಬೆಂಗಳೂರಿನಲ್ಲಿ ಈ ಕೆಲಸ ಮಾಡುತ್ತಿರುವ ಇಷ್ಟು ವರ್ಷಗಳಲ್ಲಿ, ಮೊದಲ ಬಾರಿಗೆ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ನನ್ನಲ್ಲಿ ಮೊಟ್ಟಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಎಷ್ಟು ಲೀಟರಿನ ಎಂಜಿನ್ ತಗೊಳ್ಳಲಿ?" ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಕೇಳುವ ಹೊತ್ತಿಗೆ ಉತ್ತರವೂ ಅವರ ಮನಸ್ಸಿನಲ್ಲಿ ಗಟ್ಟಿಯಾಗಿರುತ್ತದೆ. ದೊಡ್ಡದೇ ಉತ್ತಮ, ದುಡ್ಡು ಸಾಲದವರಿಗೆ ಚಿಕ್ಕದು ಎಂಬ ಉತ್ತರ. ಅದನ್ನು ಕದಲಿಸಲು ನನಗೆ ಒಂದೊಂದು ಸಲ ಇಡೀ ಮಧ್ಯಾಹ್ನ ಬೇಕಾಗುತ್ತದೆ.

ಲೀಟರ್ ಎನ್ನುವುದು ಸಿಲಿಂಡರುಗಳೊಳಗಿನ ಜಾಗದ ಅಳತೆ ಮಾತ್ರ. ಕಾರನ್ನು ಮುಂದಕ್ಕೆ ನೂಕುವುದು ಟಾರ್ಕ್, ಅಂದರೆ ನಮ್ಮ ಗ್ಯಾರೇಜುಗಳಲ್ಲಿ ಪುಲ್ಲಿಂಗ್ ಎಂದು ಕರೆಯುವ ಎಳೆತ. ಕೊಳ್ಳುವವರು ಕೇಳಬೇಕಾದದ್ದು ಆ ಎಳೆತ ಎಷ್ಟಿದೆ ಎಂಬುದಕ್ಕಿಂತ ಹೆಚ್ಚಾಗಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಅದು ಕೈಗೆ ಸಿಗುತ್ತದೆ ಎಂಬುದನ್ನು. ಇದೊಂದು ಮಾತನ್ನು ನಾನು ಎಷ್ಟು ಸಲ ಹೇಳಿದರೂ ಜನ ಮತ್ತೆ ಲೀಟರಿಗೇ ಮರಳುವುದರಿಂದ, ಒಂದೇ ಕಂಪನಿಯ ಒಂದೇ ಮಾದರಿಯ ಉದಾಹರಣೆಯಿಂದ ವಿವರಿಸುತ್ತೇನೆ.

ಪೋರ್ಷೆ 718 ಕೇಮನ್ ಕಾರಿನ ಆರಂಭಿಕ ಆವೃತ್ತಿಯಲ್ಲಿರುವುದು 2 ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಎಂಜಿನ್, ಅಂದರೆ ಗಾಳಿಯನ್ನು ಒತ್ತಿ ತುಂಬಿಕೊಳ್ಳುವ ಎಂಜಿನ್. ಶಕ್ತಿ 300 ಅಶ್ವಶಕ್ತಿ, ಟಾರ್ಕ್ 380 ನ್ಯೂಟನ್ ಮೀಟರ್. ಅದೇ ಕಾರಿನ ಜಿಟಿಎಸ್ 4.0 ಆವೃತ್ತಿಯಲ್ಲಿ ಟರ್ಬೊ ಇಲ್ಲದ 4 ಲೀಟರಿನ ಆರು ಸಿಲಿಂಡರ್ ಎಂಜಿನ್ ಇದ್ದು, 400 ಅಶ್ವಶಕ್ತಿ ಕೊಡುತ್ತದೆ. ಮ್ಯಾನ್ಯುಯಲ್ ಗೇರಿನ ಕಾರಿನಲ್ಲಿ ಅದರ ಟಾರ್ಕ್ 420. ಎಂಜಿನ್ ಎರಡರಷ್ಟು ದೊಡ್ಡದಾದರೂ ಎಳೆತದಲ್ಲಿ ಹೆಚ್ಚಿದ್ದು 40 ಮಾತ್ರ ಎಂಬುದನ್ನು ಗಮನಿಸಿ. ಇದಕ್ಕಿಂತಲೂ ಮುಖ್ಯವಾದದ್ದು, ಚಿಕ್ಕ ಎಂಜಿನ್ ತನ್ನ ಪೂರ್ತಿ 380ನ್ನು ಸುಮಾರು 2,000 ಸುತ್ತುಗಳಿಗೇ ಕೊಟ್ಟು 4,500ರವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ದೊಡ್ಡದು ತನ್ನ 420ನ್ನು ಮುಟ್ಟುವುದು 5,000 ಸುತ್ತುಗಳಿಗೆ. ಮ್ಯಾನ್ಯುಯಲ್ ಕಾರಿನ ಗೇರುಗಳು ಎಷ್ಟು ಉದ್ದವೆಂದರೆ ಎರಡನೆಯ ಗೇರಿನಲ್ಲಿಯೇ ಅದು ಗಂಟೆಗೆ 120 ಕಿಲೋಮೀಟರ್ ದಾಟಬಲ್ಲುದು. ಆ ಗೇರಿನಲ್ಲಿ 5,000 ಸುತ್ತು ತಲುಪುವಷ್ಟರಲ್ಲಿ ವೇಗ 80ರ ಆಸುಪಾಸಿನಲ್ಲಿರುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೋ ಕನಕಪುರ ರಸ್ತೆಯಲ್ಲೋ ಎರಡನೆಯ ಗೇರಿನಲ್ಲಿ 80 ದಾಟುವ ಅವಕಾಶ ದಿನಕ್ಕೆ ಎಷ್ಟು ಸಲ ಸಿಕ್ಕೀತು? ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿ 100, ಕ್ಯಾಮೆರಾಗಳು ಬೇರೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮವೂ ಬಂದಿದೆ. ದೊಡ್ಡ ಎಂಜಿನ್ ಕೆಳಗಿನ ಸುತ್ತುಗಳಲ್ಲಿ ದುರ್ಬಲ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ತಪ್ಪಾಗುತ್ತದೆ. ಟರ್ಬೊ ಎಂಜಿನ್ ಪೆಡಲು ಒತ್ತಿದ ಮೇಲೆ ಕ್ಷಣಕಾಲ ತಡೆದು ಎಳೆಯುತ್ತದೆ ಎಂಬುದೂ ನಿಜ. ಆದರೆ ಯಾವುದಕ್ಕಾಗಿ ಹೆಚ್ಚು ಹಣ ಕೊಟ್ಟಿರೋ ಅದು ನೀವು ದಿನವೂ ಓಡಿಸುವ ವೇಗದಲ್ಲಿ ಎದುರಾಗುವುದೇ ಇಲ್ಲ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಮಗನೊಂದಿಗೆ ಬಂದಿದ್ದರು. ಮಗನಿಗೆ 4 ಲೀಟರೇ ಆಗಬೇಕು. ಅವನಿಗೆ ನಾನು ಅರ್ಧ ಗಂಟೆ ರೇಖಾಚಿತ್ರ ಬರೆದು ತೋರಿಸಿದರೂ ಪ್ರಯೋಜನವಾಗಲಿಲ್ಲ. ತಂದೆ ಸುಮ್ಮನೆ ಕೇಳಿಸಿಕೊಂಡಿದ್ದು ಕೊನೆಗೆ, "ನಮ್ಮ ತೋಟದ ಜೀಪು ಹೊರೆ ಹೊತ್ತು ದಿಣ್ಣೆ ಹತ್ತೋದು ಅಡಿಯಲ್ಲೇ ಪುಲ್ಲಿಂಗ್ ಇರೋದ್ರಿಂದ ಅಲ್ವೇನೋ? ಕೂಗಿಸಿದ್ರೆ ಮಾತ್ರ ಎಳೆಯೋ ಗಾಡಿ ಚಾರ್ಮಾಡಿ ತಿರುವಿಗೆ ಯಾಕಪ್ಪಾ?" ಎಂದರು. ನನ್ನ ಚಿತ್ರಗಳೆಲ್ಲ ಸೇರಿ ಹೇಳಲಾಗದ್ದನ್ನು ಅವರು ಎರಡು ವಾಕ್ಯದಲ್ಲಿ ಹೇಳಿದ್ದರು. ಕೊಟ್ಟಿಗೆಹಾರದಿಂದ ಕೆಳಗಿಳಿಯುವ ಆ ಘಟ್ಟದಲ್ಲಿ ಒಂದು ತಿರುವಿನಿಂದ ಹೊರಬಂದು ಮುಂದಿನದಕ್ಕೆ ಬ್ರೇಕ್ ಒತ್ತುವ ನಡುವೆ ಸಿಗುವುದು ಕೆಲವೇ ಸೆಕೆಂಡುಗಳು. ಅಲ್ಲಿ ಬೇಕಾದದ್ದು 2,000 ಸುತ್ತುಗಳ ಎಳೆತ.

ನಮ್ಮ ಊರುಗಳಿಗೇ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಮಾರಾಟದ ಕರಪತ್ರಗಳು ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟದ ನೆತ್ತಿ 1,478 ಮೀಟರ್. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಸುತ್ತಲಿನ ಗಾಳಿಯನ್ನು ಇದ್ದಂತೆಯೇ ಎಳೆದುಕೊಳ್ಳಬೇಕಾದ್ದರಿಂದ ಬೆಂಗಳೂರಿನಲ್ಲಿ ಅದು ಶೇಕಡಾ 8ರಿಂದ 10ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕರಪತ್ರದ 400 ಇಲ್ಲಿ 365ರ ಹತ್ತಿರಕ್ಕೆ ಇಳಿದಿರುತ್ತದೆ. ಟರ್ಬೊ ಎಂಜಿನ್ ಗಾಳಿಯನ್ನು ಒತ್ತಿ ತುಂಬಿಕೊಳ್ಳುವುದರಿಂದ ತನ್ನ ಮಿತಿಯೊಳಗೆ ಈ ಕೊರತೆಯನ್ನು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತದೆ. ಮಂಗಳೂರಿನ ಗ್ರಾಹಕರಿಗೆ ಇದನ್ನು ನಾನು ಹೇಳುವುದಿಲ್ಲ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನವರಿಗೆ ಹೇಳಲೇಬೇಕು.

ಎಂಜಿನ್ ದೊಡ್ಡದಾದಷ್ಟೂ ತೆರಿಗೆ ಹೆಚ್ಚೆಂಬ ಭಯ ಅನಗತ್ಯ. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಆಜೀವ ತೆರಿಗೆ ನಿಂತಿರುವುದು ಬೆಲೆಯ ಮೇಲೆ, ಸಿ.ಸಿ.ಯ ಮೇಲಲ್ಲ. ಥರ್ಡ್ ಪಾರ್ಟಿ ವಿಮೆಯ ಕೊನೆಯ ಹಂತ 1,500 ಸಿ.ಸಿ.ಗೆ, ಅಂದರೆ ಒಂದೂವರೆ ಲೀಟರಿಗೆ, ಮೇಲ್ಪಟ್ಟದ್ದು, ಆದ್ದರಿಂದ 2 ಲೀಟರಿಗೂ 5 ಲೀಟರಿಗೂ ಅದು ಒಂದೇ.

ನಿಜವಾಗಿ ಭಯಪಡಬೇಕಾದದ್ದು ಬೇರೊಂದಿದೆ. ಬಳಸಿದ ಕಾರಿನ ಮಾರುಕಟ್ಟೆಯಲ್ಲಿ ಒಂದೇ ಮೊತ್ತಕ್ಕೆ ಚಿಕ್ಕ ಎಂಜಿನ್ನಿನ ಹೊಸ ಕಾರೂ ಸಿಗುತ್ತದೆ, ದೊಡ್ಡ ಎಂಜಿನ್ನಿನ ಹಳೆಯ ಕಾರೂ ಸಿಗುತ್ತದೆ, ಮತ್ತು ಮೊದಲ ಸಲ ಕೊಳ್ಳುವವರ ಕೈ ಹೋಗುವುದು ಎರಡನೆಯದರ ಕಡೆಗೆ. ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ದೊಡ್ಡ ಆವೃತ್ತಿಗೆ ಬ್ರೇಕ್ ಡಿಸ್ಕೂ ದೊಡ್ಡದು, ಟೈರೂ ಅಗಲ, ಸ್ಪಾರ್ಕ್ ಪ್ಲಗ್ಗುಗಳ ಸಂಖ್ಯೆಯೂ ಹೆಚ್ಚು. ಕೆಲವು ವರ್ಷಗಳ ಹಿಂದೆ ಯುವಕನೊಬ್ಬ ಹೀಗೆಯೇ ಹಳೆಯ ಎಂಟು ಸಿಲಿಂಡರಿನ ಕಾರಿಗೆ ಮುಂಗಡ ಕೊಟ್ಟ ಮೇಲೆ ನನ್ನಲ್ಲಿಗೆ ಬಂದ. ಪ್ಲಗ್ ಬಿಚ್ಚಿ ಬೋರೊಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಎರಡು ಸಿಲಿಂಡರುಗಳ ಗೋಡೆಯಲ್ಲಿ ಉದ್ದುದ್ದ ಗೀರುಗಳಿದ್ದವು. ಮುಂಗಡವನ್ನು ಬಿಟ್ಟುಬಿಡಿ ಎಂದೆ. ಅವನ ಮುಖ ನೋಡಲಾಗಲಿಲ್ಲ. ಎರಡು ವರ್ಷದ ಉಳಿತಾಯದ ಒಂದು ಪಾಲು ಅದು. ಇಂಥ ಎಂಜಿನ್ನುಗಳೆಲ್ಲ ಕೆಟ್ಟಿರುತ್ತವೆ ಎಂದು ನಾನು ಹೇಳಲಾರೆ, ಚೆನ್ನಾಗಿ ನೋಡಿಕೊಂಡ ಹಳೆಯ ಕಾರುಗಳಿಗೆ ಸಂತೋಷದಿಂದ ಒಪ್ಪಿಗೆ ಕೊಟ್ಟಿದ್ದೇನೆ. ಆದರೆ ಬಿಚ್ಚಿ ನೋಡದೆ ಮುಂಗಡ ಕೊಡಬೇಡಿ.

ಕೊಯಮತ್ತೂರಿನ ಕಾರಿ ಎಂಬ ರೇಸ್ ಟ್ರ್ಯಾಕಿಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಆಗಾಗ ಹೋಗಿ ಓಡಿಸುವವರಿಗೆ ದೊಡ್ಡ ಎಂಜಿನ್ ಸಾರ್ಥಕ. ಅಲ್ಲಿ 5,000 ಸುತ್ತುಗಳ ಮೇಲೆಯೇ ಇರಬಹುದು. ಆರು ಸಿಲಿಂಡರಿನ ಸದ್ದಿಗಾಗಿಯೇ ಕೊಳ್ಳುವವರೊಂದಿಗೂ ನಾನು ವಾದಿಸುವುದಿಲ್ಲ. ನಾಲ್ಕು ಸಿಲಿಂಡರಿಗೆ ಆ ಸ್ವರ ಇಲ್ಲ, ಅದನ್ನು ಪ್ರೀತಿಸುವುದು ತಪ್ಪೂ ಅಲ್ಲ. ಉಳಿದವರಿಗೆ ನಾನು ಕೊಡುವ ಪರೀಕ್ಷೆ ಸರಳ: ಎರಡೂ ಕಾರುಗಳನ್ನು ಒಂದೇ ಏರಿನಲ್ಲಿ, ಎ.ಸಿ. ಹಾಕಿಕೊಂಡು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಮೂರನೆಯ ಗೇರಿನಲ್ಲಿ 2,000 ಸುತ್ತುಗಳಿಂದ ಪೆಡಲು ಒತ್ತಿ ನೋಡಿ.

ಮೂಡಿಗೆರೆಯ ಮಗ ಅದನ್ನು ಮಾಡಿದ. ಇಳಿದು ಬಂದವನು ಮೊದಲ ಬಾರಿಗೆ ಲೀಟರ್ ಬಿಟ್ಟು ಬೇರೆ ಪ್ರಶ್ನೆ ಕೇಳಿದ: "ಸರ್, ಈ ಚಿಕ್ಕದರ ಸರ್ವೀಸ್ ಪುಸ್ತಕ ಪೂರ್ತಿ ಇದೆಯಾ?"