ಟನ್ನಿನ ಕೂಲಿ ಮತ್ತು ಮೂತ್ರಪಿಂಡ

ದಸರೆ ಮುಗಿದು ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿಗೆ ಸಜ್ಜಾಗುವ ಹೊತ್ತಿಗೆ ಮರಾಠವಾಡದ ಬೀಡ್, ಜಾಲ್ನಾ ಜಿಲ್ಲೆಗಳಿಂದ ಟ್ರ್ಯಾಕ್ಟರುಗಳು ಹೊರಡುತ್ತವೆ. ಪಾತ್ರೆ ಪಡಗ, ಹಾಸಿಗೆ, ಕೋಳಿ, ಮೇಕೆ, ಮಕ್ಕಳ ಸಮೇತ ಸಂಸಾರಗಳು ಕೊಲ್ಹಾಪುರ, ಸಾಂಗ್ಲಿಗಳತ್ತ ಹೋಗುತ್ತವೆ. ಒಂದಷ್ಟು ಗಡಿ ದಾಟಿ ಬೆಳಗಾವಿ, ಬಾಗಲಕೋಟೆಗೂ ಬರುತ್ತವೆ. ವಿಜಯಪುರದ ತಾಂಡಾಗಳಿಂದ ಇದೇ ಕೆಲಸಕ್ಕೆ ಮಹಾರಾಷ್ಟ್ರದತ್ತ ಹೊರಡುವವರೂ ಇದ್ದಾರೆ. ನಸುಕಿನಲ್ಲಿ ಗದ್ದೆಗಿಳಿದು, ಬುಡ ಕಡಿದು, ರವದಿ ಸವರಿ, ತುದಿ ಕತ್ತರಿಸಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಟ್ರಾಲಿಗೆ ಏರಿಸುವವರೆಗಿನ ಈ ದುಡಿಮೆಗೆ ಕೂಲಿ ಸಿಗುವುದು ಟನ್ನಿನ ಲೆಕ್ಕದಲ್ಲಿ. ಆಳುಗಳನ್ನು ಗೊತ್ತುಮಾಡಿ ಕರೆತರುವ ಮುಕಾದಮನಿಂದ ಹಂಗಾಮಿಗೆ ಮೊದಲೇ ಪಡೆದ ಮುಂಗಡವೂ ಅದೇ ಟನ್ನುಗಳಲ್ಲಿ ತೀರಬೇಕು. ಆದ್ದರಿಂದ ನೆರಳಿನಲ್ಲಿ ಕುಳಿತ ಪ್ರತಿ ಹತ್ತು ನಿಮಿಷಕ್ಕೂ ಒಂದು ಬೆಲೆ ಇದೆ, ಮತ್ತು ಆ ಬೆಲೆಯನ್ನು ತೆರುವವರು ಕುಳಿತವರೇ.

ಇಂಥ ಲೆಕ್ಕವನ್ನು ನಾವು ಅರ್ಥಶಾಸ್ತ್ರದ ಪಾಲಿಗೆ ಬಿಟ್ಟು ಸುಮ್ಮನಾಗುವುದೇ ಹೆಚ್ಚು. ಆದರೆ ಕೂಲಿಯನ್ನು ಕೊಡುವ ಕ್ರಮವೂ ದೇಹದೊಳಕ್ಕೆ ಇಳಿಯುತ್ತದೆ, ರಕ್ತಪರೀಕ್ಷೆಯಲ್ಲಿ ಅಳತೆಗೆ ಸಿಗುತ್ತದೆ ಎಂಬುದನ್ನು ಕಳೆದ ಎರಡು ದಶಕಗಳ ವೈದ್ಯಕೀಯ ಸಂಶೋಧನೆ ತೋರಿಸಿಕೊಟ್ಟಿದೆ. ಆ ಸಂಶೋಧನೆಯ ಮೂಲವೂ ಕಬ್ಬಿನ ಗದ್ದೆಯೇ, ಆದರೆ ಮಧ್ಯ ಅಮೆರಿಕದ್ದು.

ಎಲ್ ಸಾಲ್ವಡಾರ್ ದೇಶದ ರಾಜಧಾನಿಯಲ್ಲಿರುವ ರೊಸಾಲೆಸ್ ಆಸ್ಪತ್ರೆಗೆ ಡಯಾಲಿಸಿಸ್ ಬೇಕಾಗಿ ಬರುತ್ತಿದ್ದವರನ್ನು ಗಮನಿಸಿದ ವೈದ್ಯ ರಮೋನ್ ಗಾರ್ಸಿಯಾ ಟ್ರಬಾನಿನೊ ಮತ್ತು ಸಂಗಡಿಗರು 2002ರಲ್ಲಿ ಒಂದು ವರದಿ ಪ್ರಕಟಿಸಿದರು. ಮೂತ್ರಪಿಂಡ ಪೂರ್ತಿ ಸೋತ ಸ್ಥಿತಿಯಲ್ಲಿ ಬಂದ ಹೊಸ ರೋಗಿಗಳ ಪೈಕಿ ಮೂರರಲ್ಲಿ ಎರಡು ಪಾಲಿನಷ್ಟು ಜನರಲ್ಲಿ ಮಧುಮೇಹವಾಗಲಿ, ಅಧಿಕ ರಕ್ತದೊತ್ತಡದಂಥ ಗೊತ್ತಿರುವ ಬೇರೆ ಕಾರಣವಾಗಲಿ ಸಿಕ್ಕಿರಲಿಲ್ಲ. ಅವರಲ್ಲಿ ಹೆಚ್ಚಿನವರು ಗಂಡಸರು, ಬಿಸಿಲು ಸೀಮೆಯಲ್ಲಿ ಬೇಸಾಯದ ಕೆಲಸ ಮಾಡುವವರು. ಪಕ್ಕದ ನಿಕರಾಗುವಾದಲ್ಲಿ ಚಿಚಿಗಾಲ್ಪ ಎಂಬ ಪಟ್ಟಣವಿದೆ. ಅಲ್ಲಿ ಕಬ್ಬು ಕಡಿಯುವವರೇ ತುಂಬಿದ್ದ ‘ಲಾ ಇಸ್ಲಾ’ ಎಂಬ ಹಳ್ಳಿಯಲ್ಲಿ ಎಷ್ಟು ಗಂಡಸರು ಇದೇ ಕಾಯಿಲೆಯಿಂದ ತೀರಿಕೊಂಡರೆಂದರೆ, ‘ದ್ವೀಪ’ ಎಂಬ ಅರ್ಥದ ಆ ಹೆಸರು ಜನರ ಬಾಯಲ್ಲಿ ‘ವಿಧವೆಯರ ದ್ವೀಪ’ ಎಂದಾಯಿತು.

ಮೊದಲ ಅನುಮಾನ ಕೀಟನಾಶಕಗಳ ಮೇಲೆ ಹೋಯಿತು. ಅದು ಸಹಜ, ಇಂದಿಗೂ ಆ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಊರೂರು ತಿರುಗಿ ರಕ್ತ ಪರೀಕ್ಷಿಸಿದವರಿಗೆ ಬೇರೊಂದು ವಿನ್ಯಾಸ ಕಾಣತೊಡಗಿತು. ಸಮುದ್ರಮಟ್ಟದ ಸುಡುಬಿಸಿಲಿನ ಕಬ್ಬಿನ ಊರುಗಳಲ್ಲಿ ಮೂತ್ರಪಿಂಡ ಕುಗ್ಗಿದವರು ಹೇರಳವಾಗಿದ್ದರೆ, ನಮ್ಮ ಕೊಡಗು, ಚಿಕ್ಕಮಗಳೂರುಗಳಂತೆ ತಂಪಾದ ಎತ್ತರದ ಕಾಫಿ ಸೀಮೆಯಲ್ಲಿ ಅಂಥವರು ತೀರ ಕಡಿಮೆ. ಒಂದೇ ಕಾರ್ಖಾನೆಯ ಆಳುಗಳಲ್ಲೂ ಗದ್ದೆಯಲ್ಲಿ ಕಡಿಯುವವರ ಮೂತ್ರಪಿಂಡದ ಶಕ್ತಿ ಒಂದು ಹಂಗಾಮಿನೊಳಗೆ ಇಳಿಯುತ್ತಿತ್ತು, ಗಿರಣಿಯೊಳಗೆ ಕೆಲಸ ಮಾಡುವವರದು ಅಷ್ಟಾಗಿ ಇಳಿಯುತ್ತಿರಲಿಲ್ಲ. ಬಿಸಿಲು ಮತ್ತು ಮೈಮುರಿಯುವ ದುಡಿತ ಎರಡೂ ಸೇರಿದಲ್ಲಿ ಕಾಯಿಲೆ ಇತ್ತು.

ಹೀಗೇಕೆ ಎಂದು ತಿಳಿಯಲು ದೇಹದ ಶಾಖದ ವ್ಯವಹಾರವನ್ನು ಸ್ವಲ್ಪ ನೋಡಬೇಕು. ನಮ್ಮ ಸ್ನಾಯುಗಳು ಅಷ್ಟೇನೂ ಮಿತವ್ಯಯದ ಯಂತ್ರಗಳಲ್ಲ. ಅವು ಬಳಸುವ ಶಕ್ತಿಯಲ್ಲಿ ಕಾಲು ಭಾಗಕ್ಕೂ ಕಡಿಮೆ ಕೆಲಸವಾಗಿ ಹೊರಬರುತ್ತದೆ, ಉಳಿದದ್ದೆಲ್ಲ ಶಾಖ. ಹೊರಗಿನ ಗಾಳಿಯೇ ಚರ್ಮದಷ್ಟು ಬಿಸಿಯಾಗಿರುವಾಗ ಈ ಶಾಖವನ್ನು ಕಳೆಯಲು ದೇಹಕ್ಕೆ ಉಳಿಯುವ ದಾರಿ ಬೆವರು ಒಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ; ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವರ ಮೈಯಿಂದ ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಹರಿಯಬಹುದು. ಆ ನೀರು ಬರುವುದು ರಕ್ತದಿಂದಲೇ. ಅದೇ ಹೊತ್ತಿನಲ್ಲಿ ದುಡಿಯುವ ಸ್ನಾಯುವಿಗೂ ರಕ್ತ ಬೇಕು, ಶಾಖವನ್ನು ಹೊರಹಾಕುವ ಚರ್ಮಕ್ಕೂ ಬೇಕು. ಹಂಚಿಕೆಯಲ್ಲಿ ಪಾಲು ಕಳೆದುಕೊಳ್ಳುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ವಿಶ್ರಾಂತಿಯಲ್ಲಿರುವಾಗ ಹೃದಯ ಹೊರದೂಡುವ ರಕ್ತದ ಐದನೇ ಒಂದು ಪಾಲನ್ನು ಪಡೆದು, ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುವ ಅಂಗ ಅದು. ಆ ಸೋಸುವಿಕೆಗೆ ಸದಾ ತುಂಬಿ ಹರಿಯುವ ರಕ್ತವೇ ಬೇಕು. ಹರಿವು ಗಂಟೆಗಟ್ಟಲೆ ತಗ್ಗಿದರೆ ಅದರೊಳಗಿನ ಸೂಕ್ಷ್ಮ ನಾಳಗಳ ಜೀವಕೋಶಗಳು ಘಾಸಿಗೊಳ್ಳುತ್ತವೆ. ದಣಿದ ಸ್ನಾಯುಗಳಿಂದ ಒಡೆದು ಬಂದ ಪ್ರೋಟೀನುಗಳೂ, ಯೂರಿಕ್ ಆಮ್ಲವೂ ಆ ಗಾಯದ ಮೇಲೆ ಬಂದು ಬೀಳುತ್ತವೆ.

ಒಂದು ದಿನದ ಗಾಯವಾದರೆ ಮೂತ್ರಪಿಂಡ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ದಿನವೂ ಗಾಯ, ಹಂಗಾಮಿನಿಂದ ಹಂಗಾಮಿಗೆ ಗಾಯ ಎಂದಾದಾಗ ಮೆದು ಅಂಗಾಂಶದ ಜಾಗದಲ್ಲಿ ಗಡುಸಾದ ಕಲೆ ಬೆಳೆಯುತ್ತದೆ. ಈ ಬಗೆಯ ಹಾನಿಯಲ್ಲಿ ಕಾಲು ಊದುವುದಿಲ್ಲ, ಮೂತ್ರದಲ್ಲಿ ಪ್ರೋಟೀನು ಹೆಚ್ಚು ಕಾಣುವುದಿಲ್ಲ, ರಕ್ತದೊತ್ತಡವೂ ಬಹುಕಾಲ ಏರುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣವನ್ನು ಅಳೆಯದ ಹೊರತು ಗೊತ್ತೇ ಆಗುವುದಿಲ್ಲ.

ಇಲ್ಲಿ ನೋವಿನ ಮಾತ್ರೆಯ ವಿಷಯವನ್ನೂ ಹೇಳಬೇಕು. ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ತೆರೆದಿಡುವ ಕೆಲಸವನ್ನು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಮಾಡುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳಂಥ ಮಾತ್ರೆಗಳು ನೋವನ್ನು ಇಳಿಸುವುದು ಇದೇ ರಾಸಾಯನಿಕಗಳ ತಯಾರಿಕೆಯನ್ನು ತಡೆದು. ಸೊಂಟನೋವಿಗೆ ಎರಡು ದಿನ ಮಲಗಿ ಸುಧಾರಿಸಿಕೊಳ್ಳುವ ಅವಕಾಶ ಇರುವವನಿಗೆ ಆ ಮಾತ್ರೆ ಅಷ್ಟು ಅಪಾಯಕಾರಿಯಲ್ಲ. ಅದನ್ನು ನುಂಗಿ ಮತ್ತೆ ಬಿಸಿಲಿಗೆ ಇಳಿಯಬೇಕಾದವನಲ್ಲಿ ಅದು ಮೂತ್ರಪಿಂಡದ ಕೊನೆಯ ರಕ್ಷಣೆಯನ್ನೂ ಕಳಚುತ್ತದೆ. ರಜೆಯ ಬದಲಿಗೆ ಮಾತ್ರೆ ಕೊಳ್ಳುವುದು ಕಾರ್ಮಿಕರ ಅಜ್ಞಾನವೆಂದು ಹೇಳುವವರು ಅವರ ಕೂಲಿಯ ಲೆಕ್ಕವನ್ನು ಕೇಳಿ ನೋಡಿಲ್ಲವೆಂದೇ ನಾನು ತಿಳಿಯುತ್ತೇನೆ.

ಕೂಲಿಯ ಕ್ರಮವನ್ನೇ ಪರೀಕ್ಷೆಗೆ ಒಡ್ಡಿದ ಅಧ್ಯಯನವೊಂದು ಕ್ಯಾಲಿಫೋರ್ನಿಯದಿಂದ 2017ರಲ್ಲಿ ಪ್ರಕಟವಾಯಿತು. ಸಂಶೋಧಕರು ಸುಮಾರು 300 ಕೃಷಿ ಕಾರ್ಮಿಕರ ರಕ್ತವನ್ನು ಬೇಸಿಗೆಯ ಒಂದು ದಿನ ಕೆಲಸಕ್ಕೆ ಮೊದಲು ಮತ್ತು ಕೆಲಸ ಮುಗಿದ ಮೇಲೆ ಪರೀಕ್ಷಿಸಿದರು. ಆ ಒಂದೇ ದಿನದಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಕ್ರಿಯಾಟಿನಿನ್ ಮೂತ್ರಪಿಂಡದ ತೀವ್ರ ಗಾಯವನ್ನು ಸೂಚಿಸುವಷ್ಟು ಏರಿತ್ತು. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಹೋಲಿಸಿದರೆ ಕೊಯ್ದಷ್ಟಕ್ಕೆ ಕೂಲಿ ಪಡೆಯುವವರಲ್ಲಿ ಈ ಗಾಯದ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಬಾಯಾರಿಕೆ, ಸುಸ್ತು, ತಲೆಸುತ್ತು ಇವೆಲ್ಲ ದೇಹ ಕೊಡುವ ನಿಲುಗಡೆಯ ಸೂಚನೆಗಳು. ತುಂಡುಗೂಲಿ ಆ ಸೂಚನೆಗಳನ್ನು ಮೀರುವುದಕ್ಕೆ ದುಡ್ಡು ಕೊಡುವ ವ್ಯವಸ್ಥೆ.

ಹಾಗಾದರೆ ಬಿಡುವು ಕೊಟ್ಟು ನೋಡಿದರೆ? ಎಲ್ ಸಾಲ್ವಡಾರ್‌ನ ಒಂದು ಕಾರ್ಖಾನೆಯ ಗದ್ದೆಗಳಲ್ಲಿ 2014-15ರ ಹಂಗಾಮಿನಲ್ಲಿ ಅದನ್ನೂ ಮಾಡಿ ನೋಡಿದರು. ಹೊತ್ತೊಯ್ಯಬಹುದಾದ ನೆರಳಿನ ಡೇರೆ, ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಚೀಲ, ಹೊತ್ತು ಹೊತ್ತಿಗೆ ಕಡ್ಡಾಯ ವಿಶ್ರಾಂತಿ, ಕೈಗೆ ಹಗುರವಾಗುವ ಕತ್ತಿ. ಬಿಡುವು ಕೊಟ್ಟರೆ ಕಬ್ಬು ಕಡಿಮೆ ಬರುತ್ತದೆಂಬುದು ಎಲ್ಲರ ನಿರೀಕ್ಷೆಯಾಗಿತ್ತು. ಒಬ್ಬ ಕಾರ್ಮಿಕ ದಿನಕ್ಕೆ ಕಡಿಯುವ ಕಬ್ಬು 5.1 ಟನ್ನಿನಿಂದ 7.3 ಟನ್ನಿನವರೆಗೆ ಏರಿತು. ಕತ್ತಿಯೂ ಬದಲಾಗಿದ್ದರಿಂದ ಇದೆಲ್ಲ ವಿಶ್ರಾಂತಿಯ ಫಲವೆನ್ನಲಾಗದು, ಪ್ರಯೋಗವೂ ಚಿಕ್ಕದು. ಆದರೂ ವಿಶ್ರಾಂತಿಯೆಂದರೆ ನಷ್ಟ ಎಂಬ ವಾದದ ಕಾಲು ಅಲ್ಲಿ ಮುರಿಯಿತು. ಮುಂದೆ ನಿಕರಾಗುವಾದಲ್ಲಿ ನಡೆದ ಕೆಲಸ, ಬರೀ ನೀರು ಕುಡಿಸಿದರೆ ಸಾಲದು, ನೆರಳಿನಲ್ಲಿ ಕೂರಿಸಲೇಬೇಕು ಎಂಬುದನ್ನೂ ಸ್ಪಷ್ಟಪಡಿಸಿತು.

ಅದೇ ಸೀಮೆಯ ಇನ್ನೊಂದು ಅನುಭವ ನನಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. ಕಾಯಿಲೆಯ ಸುದ್ದಿ ಹರಡಿದ ಮೇಲೆ ಕಾರ್ಖಾನೆಗಳು ಹಂಗಾಮಿನ ಆರಂಭದಲ್ಲೇ ಕ್ರಿಯಾಟಿನಿನ್ ಪರೀಕ್ಷೆ ಮಾಡಿ, ಹೆಚ್ಚಿದ್ದವರಿಗೆ ಕೆಲಸವಿಲ್ಲವೆಂದವು. ಕಾಗದದ ಮೇಲೆ ಇದು ಆರೋಗ್ಯ ರಕ್ಷಣೆ. ಬೇರೆ ದುಡಿಮೆಯಿಲ್ಲದ ಊರಿನಲ್ಲಿ ಅವರಲ್ಲಿ ಹಲವರು ಪರೀಕ್ಷೆಯಿಲ್ಲದ ಉಪಗುತ್ತಿಗೆದಾರರ ಕೆಳಗೆ, ಕೆಲವೊಮ್ಮೆ ಇನ್ನೊಬ್ಬರ ಹೆಸರಿನಲ್ಲಿ, ಅದೇ ಗದ್ದೆಗೆ ಮರಳಿದರು. ಕೆಲಸದ ಭದ್ರತೆಯಿಲ್ಲದಲ್ಲಿ ರಕ್ತಪರೀಕ್ಷೆಯೆಂಬುದು ವಜಾ ಮಾಡುವ ಸಾಧನವಾಗುತ್ತದೆ, ಕಾರ್ಮಿಕರು ಅದರಿಂದ ತಪ್ಪಿಸಿಕೊಳ್ಳುತ್ತಾರೆ, ಮತ್ತು ಅತಿ ಹೆಚ್ಚು ಕಾಯಿಲೆಯಿರುವವರೇ ಲೆಕ್ಕದಿಂದ ಮರೆಯಾಗುತ್ತಾರೆ.

ನಮ್ಮಲ್ಲಿ ಕಬ್ಬು ಕಡಿತದ ಬಹುಪಾಲು ನಡೆಯುವುದು ಚಳಿಗಾಲದಲ್ಲಿ. ಅಲ್ಲಿಯಂತೆ ಗದ್ದೆಗೆ ಬೆಂಕಿ ಕೊಟ್ಟು ಕಡಿಯುವ ರೂಢಿಯೂ ಇಲ್ಲಿ ಅಷ್ಟಿಲ್ಲ. ಆದ್ದರಿಂದ ಚಿಚಿಗಾಲ್ಪದ ಕಾಯಿಲೆ ಬೆಳಗಾವಿಯಲ್ಲೂ ಇದೆಯೆಂದು ಹೇಳಿಬಿಡುವುದು ಆತುರದ ಮಾತು. ಆಂಧ್ರದ ಉದ್ದಾನಂ ಪ್ರದೇಶದಲ್ಲಿ ಇದನ್ನು ಹೋಲುವ ಮೂತ್ರಪಿಂಡದ ಕಾಯಿಲೆ ವ್ಯಾಪಕವಾಗಿದ್ದರೂ ಅದು ಕಬ್ಬಿನ ಸೀಮೆಯಲ್ಲ, ಅದರ ಕಾರಣವೂ ಇನ್ನೂ ಇತ್ಯರ್ಥವಾಗಿಲ್ಲ. ಟನ್ನಿನ ಕೂಲಿ ದೇಹವನ್ನು ಮುಟ್ಟುವ ಬಗೆ ಇಲ್ಲಿ ಬೇರೆ, ಮತ್ತು ಅದು ಹೆಚ್ಚು ಕಂಡದ್ದು ಹೆಂಗಸರಲ್ಲಿ.

ಮರಾಠವಾಡದಲ್ಲಿ ಗಂಡಹೆಂಡತಿಯ ಜೋಡಿಯನ್ನು ‘ಕೊಯ್ತಾ’ ಎಂಬ ಒಂದೇ ಘಟಕವಾಗಿ ಲೆಕ್ಕ ಹಿಡಿಯುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕುಡುಗೋಲು. ಇಬ್ಬರಿಗೂ ಸೇರಿ ಒಂದು ಮುಂಗಡ, ಒಂದು ಲೆಕ್ಕ. ಇಬ್ಬರಲ್ಲಿ ಒಬ್ಬರು ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋಗುವುದಲ್ಲದೆ ‘ಖಾಡಾ’ ಎಂಬ ದಂಡವೂ ಬೀಳುತ್ತದೆ. ಗದ್ದೆಯ ಅಂಚಿನ ಗುಡಿಸಲುಗಳಲ್ಲಿ ಶೌಚಾಲಯವಿಲ್ಲ, ಸ್ನಾನಕ್ಕೆ ಮರೆಯಿಲ್ಲ. ಹೊರಗೆ ಹೋಗಲು ಜಾಗವಿಲ್ಲದ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮೂತ್ರನಾಳದ ಸೋಂಕು ಹಿಡಿಯುತ್ತದೆ. ಮುಟ್ಟಿನ ದಿನಗಳಲ್ಲಿ ಹೊರೆ ಹೊರುವ ನೋವು, ಬಿಳಿಸೆರಗು, ದಂಡದ ಭಯ ಇವೆಲ್ಲ ಸೇರಿ ಖಾಸಗಿ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸುತ್ತವೆ. ಅಲ್ಲಿ ಹಲವರಿಗೆ ಸಿಕ್ಕಿದ ಪರಿಹಾರ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆ. ಇದು 2019ರಲ್ಲಿ ಸುದ್ದಿಯಾದಾಗ ಮಹಾರಾಷ್ಟ್ರ ಸರ್ಕಾರ ವಿಧಾನ ಪರಿಷತ್ತಿನ ಸದಸ್ಯೆ ನೀಲಂ ಗೋರ್ಹೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಬೀಡ್ ಜಿಲ್ಲೆಯಲ್ಲಿ ಸಮೀಕ್ಷೆಗೊಳಗಾದ ಸುಮಾರು 82,000 ಮಹಿಳೆಯರಲ್ಲಿ 13,000ಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆದಿತ್ತು. ಅದಕ್ಕೆ ಕೆಲವು ವರ್ಷ ಮೊದಲು ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಈ ಪ್ರಮಾಣ ನೂರಕ್ಕೆ 3ರ ಆಸುಪಾಸಿನಲ್ಲಿತ್ತು. ವಯೋಮಾನ ಬೇರೆಬೇರೆಯಾದ್ದರಿಂದ ಎರಡನ್ನೂ ನೇರ ಹೋಲಿಸಲಾಗದಾದರೂ ಅಂತರ ಸಣ್ಣದಲ್ಲ.

ಶಸ್ತ್ರಚಿಕಿತ್ಸೆ ಮುಗಿದರೆ ಮುಟ್ಟಿನ ಕಾಟ ಮುಗಿಯಿತು ಎಂಬ ಲೆಕ್ಕವೂ ತಪ್ಪುತ್ತದೆ. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ಏಕಾಏಕಿ ನಿಲ್ಲುತ್ತದೆ. ಅಂಡಾಶಯ ಉಳಿಸಿದರೂ ಋತುಬಂಧ ಬೇಗ ಬರುವ ಸಂಭವ ಹೆಚ್ಚು. ಈಸ್ಟ್ರೋಜನ್ ಮೂಳೆಯನ್ನು ಗಟ್ಟಿಯಾಗಿಡುವ ಹಾರ್ಮೋನು. ಮೂವತ್ತರ ಹರೆಯದಲ್ಲಿ ಅದನ್ನು ಕಳೆದುಕೊಂಡು, ಸವೆಯುತ್ತಿರುವ ಬೆನ್ನುಮೂಳೆಯ ಮೇಲೆ ಕಬ್ಬಿನ ಹೊರೆ ಹೊರುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಕಾನೂನು ಇದನ್ನೆಲ್ಲ ಕಂಡಿಲ್ಲವೆನ್ನುವಂತಿಲ್ಲ. ಮುಂಗಡಕ್ಕೆ ಪ್ರತಿಯಾಗಿ ಆಳನ್ನು ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ ನಿಷೇಧಿಸಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯಾಡ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದ ಕಾರ್ಮಿಕರ ಪ್ರಕರಣದಲ್ಲಿ, ಹೇಳಿತು. ಗುತ್ತಿಗೆ ಕಾರ್ಮಿಕರಿಗೂ ಅಂತರರಾಜ್ಯ ವಲಸೆ ಕಾರ್ಮಿಕರಿಗೂ ಇದ್ದ ಹಳೆಯ ಕಾಯ್ದೆಗಳ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ ಬಂದಿದೆ. ಅದರಲ್ಲಿ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಮಾತಿದೆ. ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗುವ ಮಿತಿಯನ್ನು ಮಾತ್ರ ಅದೇ ಸಂಹಿತೆ 20ರಿಂದ 50 ಜನಕ್ಕೆ ಏರಿಸಿದೆ. ಹತ್ತು ಹದಿನೈದು ಕೊಯ್ತಾಗಳ ಗ್ಯಾಂಗು ಆ ಸಂಖ್ಯೆಯನ್ನು ಮುಟ್ಟುವುದಿಲ್ಲ.

ಅದಕ್ಕೂ ಮೊದಲಿನ ತೊಡಕು ಮಾಲೀಕ ಯಾರೆಂಬುದು. ಕಾರ್ಖಾನೆಯನ್ನು ಕೇಳಿದರೆ ತನ್ನ ಒಪ್ಪಂದ ಸಾಗಾಟದ ಗುತ್ತಿಗೆದಾರನ ಜೊತೆ ಎನ್ನುತ್ತದೆ, ಗುತ್ತಿಗೆದಾರ ಮುಕಾದಮನತ್ತ ಕೈ ತೋರಿಸುತ್ತಾನೆ, ಮುಕಾದಮ ತಾನೂ ಸಾಲಗಾರನೇ ಎನ್ನುತ್ತಾನೆ. ಅದು ಸುಳ್ಳೂ ಅಲ್ಲ. ಈ ಸರಪಳಿಯಲ್ಲಿ ಮೇಲಕ್ಕೆ ಹೋದಂತೆ ಕಾರ್ಮಿಕರ ಹೆಸರು ಅಳಿಯುತ್ತ ಹೋಗಿ, ಕೊನೆಗೆ ಒಪ್ಪಂದದ ಪತ್ರದಲ್ಲಿ ಇಷ್ಟು ಕೊಯ್ತಾಗಳು ಎಂಬ ಸಂಖ್ಯೆ ಉಳಿಯುತ್ತದೆ. ಮೂತ್ರಪಿಂಡದ ನಿಧಾನ ಹಾನಿಯನ್ನು ಗುರುತಿಸಲು ಒಂದೇ ವ್ಯಕ್ತಿಯ ರಕ್ತವನ್ನು ಹಂಗಾಮಿನ ಮೊದಲ ವಾರ ಒಮ್ಮೆ, ಕೊನೆಯ ವಾರ ಇನ್ನೊಮ್ಮೆ, ಮುಂದಿನ ವರ್ಷ ಮತ್ತೊಮ್ಮೆ ಪರೀಕ್ಷಿಸಬೇಕು. ಪರೀಕ್ಷೆಯ ಖರ್ಚು ದೊಡ್ಡದಲ್ಲ, ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯ ಸಾಕು. ಆದರೆ ಆ ಮೂರು ಅಂಕಿಗಳನ್ನು ಒಂದರ ಪಕ್ಕ ಒಂದು ಬರೆಯಲು ಎಡಗಡೆಯ ಕಾಲಮ್ಮಿನಲ್ಲಿ ಒಂದು ಹೆಸರು ಬೇಕು. ಅಲ್ಲೀಗ ಇರುವುದು ಕೊಯ್ತಾದ ಸಂಖ್ಯೆ, ಅದರ ಮುಂದೆ ಮುಕಾದಮನ ಸಹಿ.