ಕೊಕ್ಕರೆ ರೋಗ: ಪಾಸಿಟಿವ್ ಬಂತು, ಆದರೆ ಯಾವ ವೈರಸ್?

ಲಸಿಕೆ ಹಾಕಿಸಿದ ಕೋಳಿಗಳು ಸಾಯತೊಡಗಿದರೆ ಫಾರಂನಲ್ಲಿ ಮೊದಲು ಏಳುವುದು ಜಗಳ. ಲಸಿಕೆಯೇ ಸರಿಯಿಲ್ಲ ಎನ್ನುತ್ತಾರೆ ಕೆಲವರು. ಲಸಿಕೆ ಚೆನ್ನಾಗಿಯೇ ಇತ್ತು, ಹಾಕಿದ್ದು ಸರಿಯಿಲ್ಲ ಎನ್ನುತ್ತಾರೆ ಇನ್ನು ಕೆಲವರು. ವೈರಸ್ಸೇ ಬದಲಾಗಿದೆ ಎನ್ನುವವರು ಇದ್ದಾರೆ. ಲ್ಯಾಬಿನಲ್ಲಿ ಸಿಕ್ಕಿದ್ದು ರೋಗದ ವೈರಸ್ ಅಲ್ಲವೇ ಅಲ್ಲ, ಲಸಿಕೆಯಲ್ಲಿದ್ದ ವೈರಸ್ ಎನ್ನುವವರೂ ಇದ್ದಾರೆ. ತಮಾಷೆಯಲ್ಲ, ಈ ನಾಲ್ಕು ಮಾತೂ ಬೇರೆ ಬೇರೆ ಕಡೆ ನಿಜವಾಗಿವೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗದ ಪರೀಕ್ಷೆ ಇಷ್ಟು ಗೋಜಲಾಗಿದ್ದು ಹೇಗೆ ಎಂದು ತಿಳಿಯಲು ಸುಮಾರು ನೂರು ವರ್ಷ ಹಿಂದಕ್ಕೆ ಹೋಗಬೇಕು.

1926ರಲ್ಲಿ ಜಾವಾ ದ್ವೀಪದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಬಳಿ ಕೋಳಿಗಳು ರಾಶಿ ರಾಶಿಯಾಗಿ ಸತ್ತವು. ಅದರ ಹಿಂದೆಯೇ ನಮ್ಮ ಕುಮಾವೂನ್ ಬೆಟ್ಟಸೀಮೆಯ ರಾಣಿಖೇತದಲ್ಲೂ ಹಾಗೆಯೇ ಆಯಿತು. ಅಲ್ಲಿಗೆ ಹತ್ತಿರದ ಮುಕ್ತೇಶ್ವರದಲ್ಲಿದ್ದ ಪಶು ಸಂಶೋಧನಾ ಸಂಸ್ಥೆಯ ಎಡ್ವರ್ಡ್ಸ್ ಅದನ್ನು ದಾಖಲಿಸಿದರು. ಆಗ ಎಲ್ಲರಿಗೂ ಗೊತ್ತಿದ್ದ ಕೋಳಿ ಮಾರಿ ಎಂದರೆ 'ಫೌಲ್ ಪ್ಲೇಗ್', ಈಗ ನಾವು ಹಕ್ಕಿಜ್ವರ ಎನ್ನುವ ರೋಗ. ಇದು ಅದಲ್ಲ ಎಂದು ತೋರಿಸಿದವರು ಇಂಗ್ಲೆಂಡಿನ ಡಾಯ್ಲ್. ಒಂದು ರೋಗ ಬಂದು ವಾಸಿಯಾದ ಕೋಳಿಗೆ ಇನ್ನೊಂದರಿಂದ ರಕ್ಷಣೆ ಇರಲಿಲ್ಲ. ಹಾಗಾಗಿ ಎರಡೂ ಬೇರೆ.

ಆದರೆ ಈ ಎರಡರ ನಡುವಿನ ಗೊಂದಲ ಇವತ್ತಿಗೂ ಕಾಡುತ್ತಿದೆ. ಹೊರಗಿನಿಂದ ನೋಡಿದರೆ ಎರಡೂ ರೋಗ ಒಂದೇ ಥರ. ಹಸಿರು ಭೇದಿ, ಏದುಸಿರು, ಒಂದೆರಡು ದಿನದಲ್ಲಿ ಗೂಡು ಖಾಲಿ. ಕತ್ತು ತಿರುಚಿಕೊಂಡು ನಿಂತ ಕೋಳಿ ಕಂಡರೆ ಹಳ್ಳಿಯವರು ಕೊಕ್ಕರೆ ಎಂದು ಹೇಳಿಬಿಡುತ್ತಾರೆ. ಎಷ್ಟೋ ಸಲ ಅವರ ಮಾತು ಸರಿಯೇ. ಆದರೆ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕೋಳಿಗಳು ಸತ್ತಾಗಲೂ ಮೊದಲು ಕೇಳಿಬಂದದ್ದು ರಾಣಿಖೇತ್ ಹೆಸರೇ. ಅದು ದೇಶದ ಮೊದಲ ಹಕ್ಕಿಜ್ವರ ಎಂದು ಖಚಿತವಾದದ್ದು ಭೋಪಾಲದ ಲ್ಯಾಬಿನಲ್ಲಿ.

1940ರ ದಶಕದಲ್ಲಿ ಎರಡು ದೊಡ್ಡ ಕೆಲಸಗಳಾದವು: ಲಸಿಕೆ ಬಂತು, ರಕ್ತದ ಪರೀಕ್ಷೆ ಬಂತು. ಮುಕ್ತೇಶ್ವರದಲ್ಲಿ ವೈರಸ್ಸನ್ನು ಭ್ರೂಣವಿರುವ ಮೊಟ್ಟೆಗಳಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಕಸುವು ಇಳಿಸಿ ಲಸಿಕೆ ಮಾಡಿದರು. ನಾವು ಇಂದು 'ಆರ್ ಟು ಬಿ' ಎನ್ನುವ ಇಂಜೆಕ್ಷನ್ ಆ ಮನೆತನದ್ದೇ. ಅಮೆರಿಕದ ನ್ಯೂಜೆರ್ಸಿಯ ಒಂದು ಫಾರಂನಲ್ಲಿ 1946ರಲ್ಲಿ ಸಿಕ್ಕ ಸೌಮ್ಯ ವೈರಸ್ 'ಲಾಸೋಟಾ' ಆಯಿತು. ಮರಿಗಳಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಬಿಡುವ ಹನಿ ಲಾಸೋಟಾ ಅಥವಾ ಎಫ್ ತಳಿಯದು. ಬೆಳೆದ ಮೇಲೆ ಚುಚ್ಚುವುದು ಆರ್ ಟು ಬಿ. ಅದನ್ನು ಎಳೆ ಮರಿಗೆ ಕೊಟ್ಟರೆ ಲಸಿಕೆಯೇ ಕಾಯಿಲೆ ತರಬಹುದು, ಅಷ್ಟು ಜೋರಿನ ತಳಿ ಅದು. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ರಕ್ತದ ಪರೀಕ್ಷೆಯನ್ನು ಲ್ಯಾಬುಗಳಲ್ಲಿ ಇವತ್ತಿಗೂ ಎಚ್‌ಐ ಎನ್ನುತ್ತಾರೆ. 96 ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟ್. ಕೋಳಿಯ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಮೊದಲ ಗುಳಿಯಿಂದ ಮುಂದಿನದಕ್ಕೆ ಅರ್ಧ, ಅದರ ಅರ್ಧ ಎಂದು ತೆಳುಮಾಡುತ್ತಾ ಹೋಗುತ್ತಾರೆ. ಪ್ರತಿ ಗುಳಿಗೂ ಅಳೆದ ವೈರಸ್, ಆಮೇಲೆ ಕೋಳಿಯ ಕೆಂಪು ರಕ್ತಕಣ. ಅರ್ಧ ಗಂಟೆಯ ಮೇಲೆ ಪ್ಲೇಟನ್ನು ಓರೆಯಾಗಿ ಹಿಡಿದು ನೋಡಬೇಕು. ಸೀರಮ್ಮಿನಲ್ಲಿ ಪ್ರತಿಕಾಯ, ಅಂದರೆ ವೈರಸ್ಸಿನ ವಿರುದ್ಧ ಮೈ ತಯಾರಿಸಿಕೊಂಡ ಪ್ರೋಟೀನು ಇದ್ದರೆ ಅದು ವೈರಸ್ಸನ್ನು ಕಟ್ಟಿಹಾಕಿರುತ್ತದೆ. ರಕ್ತಕಣ ತಳದಲ್ಲಿ ಚುಕ್ಕಿಯಾಗಿ ಕೂತಿರುತ್ತದೆ, ಓರೆ ಮಾಡಿದಾಗ ಗೆರೆಯಾಗಿ ಜಾರುತ್ತದೆ. ಪ್ರತಿಕಾಯ ಇಲ್ಲದಿದ್ದರೆ ವೈರಸ್ ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸಿ ಪರದೆ ಮಾಡಿರುತ್ತದೆ, ಏನೂ ಜಾರುವುದಿಲ್ಲ. 1:16ರವರೆಗಾದರೂ, ಅಂದರೆ ಹದಿನಾರು ಪಟ್ಟು ತೆಳುಮಾಡಿದ ಗುಳಿಯವರೆಗಾದರೂ, ಗೆರೆ ಜಾರಿದರೆ ಪಾಸಿಟಿವ್. ಖರ್ಚು ಕಮ್ಮಿ, ದೊಡ್ಡ ಮೆಷಿನ್ ಬೇಡ, ಕಣ್ಣು ಪಳಗಿದ್ದರೆ ಸಾಕು. ಲಸಿಕೆ ಹಿಡಿದಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯದು ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಆ ಪ್ರತಿಕಾಯ ಲಸಿಕೆಯಿಂದ ಬಂತೋ ರೋಗದಿಂದ ಬಂತೋ ಎಂದು ಈ ಪ್ಲೇಟು ಹೇಳಲಾರದು. ಗೋಜಲಿನ ಮೊದಲ ಗಂಟು ಇಲ್ಲಿ ಬಿತ್ತು.

ಹಾಗಾದರೆ ವೈರಸ್ ಸೌಮ್ಯವೋ ಮಾರಕವೋ ಎಂದು ತಿಳಿಯುವುದು ಹೇಗೆ? ಬಹಳ ವರ್ಷ ಇದಕ್ಕೆ ಇದ್ದ ದಾರಿ ಕ್ರೂರವಾದದ್ದು. ಹುಟ್ಟಿ ಒಂದು ದಿನವಾದ ಹತ್ತು ಮರಿಗಳ ಮೆದುಳಿಗೆ ವೈರಸ್ ಚುಚ್ಚಿ ಎಂಟು ದಿನ ನೋಡುವುದು. ಪ್ರತಿದಿನ ಆರೋಗ್ಯವಾಗಿರುವ ಮರಿಗೆ 0, ಕಾಯಿಲೆ ಬಿದ್ದದ್ದಕ್ಕೆ 1, ಸತ್ತದ್ದಕ್ಕೆ 2. ಎಲ್ಲದರ ಸರಾಸರಿ 0.7 ಅಥವಾ ಹೆಚ್ಚು ಬಂದರೆ ಅದು ಸರ್ಕಾರಕ್ಕೆ ತಿಳಿಸಲೇಬೇಕಾದ ಮಾರಕ ವೈರಸ್. ಅಂತರರಾಷ್ಟ್ರೀಯ ನಿಯಮದಲ್ಲಿ ಈ ಅಂಕಿ ಈಗಲೂ ಇದೆ.

ಒಂದು ತಳಿ ಕೆಮ್ಮು ತರಿಸಿ ಸುಮ್ಮನಾಗುತ್ತದೆ, ಇನ್ನೊಂದು ಇಡೀ ಗೂಡನ್ನೇ ಖಾಲಿ ಮಾಡುತ್ತದೆ. ಇದು ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1976ರಲ್ಲಿ. ಈ ಇಡೀ ಕತೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಈ ವೈರಸ್ಸಿನ ಒಳಗಿರುವುದು ಒಂದೇ ಎಳೆಯ ಆರ್‌ಎನ್‌ಎ, ಸುಮಾರು 15,200 ಅಕ್ಷರ (ಅಂದರೆ ರಾಸಾಯನಿಕ ಕೊಂಡಿ) ಉದ್ದ. ಆರು ಜೀನುಗಳು. ಬೇರೆ ಬೇರೆ ತಳಿಗಳಲ್ಲಿ ಉದ್ದ 15,186, 15,192 ಅಥವಾ 15,198. ಮೂರೂ ಆರರಿಂದ ಪೂರ್ತಿ ಭಾಗವಾಗುತ್ತವೆ ನೋಡಿ. ವೈರಸ್ಸಿನ ಪ್ರೋಟೀನು ಆರ್‌ಎನ್‌ಎಯನ್ನು ಆರಾರು ಅಕ್ಷರ ಹಿಡಿದು ಸುತ್ತುವುದರಿಂದ ಹೀಗೆ. ಆರು ಜೀನುಗಳಲ್ಲಿ ಎಫ್ ಎಂಬುದು (ಲಸಿಕೆಯ ಎಫ್ ತಳಿ ಬೇರೆ, ಇದು ಬೇರೆ) ವೈರಸ್ ಮೈಮೇಲಿನ ಒಂದು ಪ್ರೋಟೀನನ್ನು ಮಾಡುತ್ತದೆ. ವೈರಸ್ಸಿನ ಹೊದಿಕೆಯನ್ನು ಕೋಳಿಯ ಜೀವಕೋಶದ ಪೊರೆಗೆ ಬೆಸೆದು ಒಳಗೆ ದಾರಿ ಮಾಡಿಕೊಡುವುದು ಇದರ ಕೆಲಸ. ಆದರೆ ಹುಟ್ಟುವಾಗ ಎಫ್ ಗುಂಡಿ ಹಾಕಿದ ಕೊಡೆಯ ಹಾಗೆ ಇರುತ್ತದೆ. ಒಂದು ನಿರ್ದಿಷ್ಟ ಜಾಗದಲ್ಲಿ ಯಾರಾದರೂ ಅದನ್ನು ಕತ್ತರಿಸಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಕತ್ತರಿಸುವುದು ವೈರಸ್ಸಲ್ಲ, ಕೋಳಿಯ ಮೈಯಲ್ಲೇ ಇರುವ ಕಿಣ್ವಗಳು.

ಜರ್ಮನಿಯ ಗೀಸೆನ್‌ನಲ್ಲಿ ನಗಾಯ್, ಕ್ಲೆಂಕ್ ಮತ್ತು ರೋಟ್ ತೋರಿಸಿದ್ದು ಇದನ್ನೇ. ಸೌಮ್ಯ ತಳಿಯ ಎಫ್ ಎಲ್ಲ ಥರದ ಜೀವಕೋಶಗಳಲ್ಲೂ ಕತ್ತರಿಸಿಕೊಳ್ಳುವುದಿಲ್ಲ. ಅದಕ್ಕೆ ಬೇಕಾದ ಕಿಣ್ವ ಕೋಳಿಯ ಉಸಿರುನಾಳದಲ್ಲಿ ಮತ್ತು ಕರುಳಿನಲ್ಲಿದೆ, ಹಾಗಾಗಿ ವೈರಸ್ ಅಲ್ಲಿಗೇ ನಿಲ್ಲುತ್ತದೆ. ಮಾರಕ ತಳಿಯ ಎಫ್ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವ ಕಿಣ್ವದಿಂದ ಕತ್ತರಿಸಿಕೊಳ್ಳುತ್ತದೆ. ಹಾಗಾಗಿ ಗುಲ್ಮ, ಮೆದುಳು ಎಲ್ಲ ಕಡೆ ಹರಡುತ್ತದೆ. ಆಮೇಲೆ ಜೀನ್ ಓದಿ ನೋಡಿದಾಗ ಕಾರಣ ಸ್ಪಷ್ಟವಾಯಿತು. ಕತ್ತರಿಸುವ ಜಾಗ ಎಫ್ ಪ್ರೋಟೀನಿನ 116 ಮತ್ತು 117ನೇ ಅಮೈನೊ ಆಮ್ಲಗಳ, ಅಂದರೆ ಪ್ರೋಟೀನು ಪೋಣಿಸಿದ ಮಣಿಗಳ ನಡುವೆ. 113ರಿಂದ 116ರ ಒಳಗೆ ಮೂರಾದರೂ ಆರ್ಜಿನಿನ್ ಅಥವಾ ಲೈಸಿನ್ ಎಂಬ ಮಣಿಗಳಿದ್ದು, 117ರಲ್ಲಿ ಫಿನೈಲಲನೈನ್ ಎಂಬ ಮಣಿ ಇದ್ದರೆ ಮಾರಕ. ಸೌಮ್ಯ ತಳಿಗಳಲ್ಲಿ 117ರಲ್ಲಿರುವುದು ಲ್ಯೂಸಿನ್. 1999ರಲ್ಲಿ ವಿಜ್ಞಾನಿಗಳು ಲಾಸೋಟಾದ ಜೀನಿನಲ್ಲಿ ಈ ಜಾಗವೊಂದನ್ನೇ ತಿದ್ದಿ ವೈರಸ್ ಮಾಡಿ ನೋಡಿದರು. ಮರಿಗಳ ಪರೀಕ್ಷೆಯಲ್ಲಿ ಲಸಿಕೆಯ ವೈರಸ್ಸಿನ ಅಂಕ 0.7ರ ಗಡಿ ದಾಟಿ ಮೇಲಕ್ಕೆ ಹೋಯಿತು.

ಅದಕ್ಕೆ ಹಿಂದಿನ ವರ್ಷವೇ ಆಸ್ಟ್ರೇಲಿಯಾದಲ್ಲಿ ಪ್ರಕೃತಿ ಇದೇ ತಿದ್ದುಪಡಿ ಮಾಡಿತ್ತು. ನ್ಯೂ ಸೌತ್ ವೇಲ್ಸ್‌ನಲ್ಲಿ ಕೋಳಿ ಸಾಯಿಸಿದ ವೈರಸ್ಸಿನ ಎಫ್ ಜೀನನ್ನು ಅಲ್ಲಿನ ಸೌಮ್ಯ ವೈರಸ್ಸಿನದರ ಜೊತೆ ಇಟ್ಟು ನೋಡಿದರೆ, ಕತ್ತರಿಸುವ ಜಾಗದಲ್ಲಿ ಎರಡೇ ಅಕ್ಷರ ವ್ಯತ್ಯಾಸ. 15,000 ಅಕ್ಷರಗಳಲ್ಲಿ ಎರಡು! ಹಾಗೆಂದು ಎಲ್ಲವೂ ಎಫ್ ಕೈಯಲ್ಲಿಲ್ಲ. ಪಾರಿವಾಳಗಳಲ್ಲಿ ಸಿಗುವ ಕೆಲವು ವೈರಸ್ಸುಗಳಿಗೆ ಮಾರಕ ತಳಿಯ ಕತ್ತರಿ ಜಾಗ ಇದ್ದರೂ ಕೋಳಿಗಳಲ್ಲಿ ಅಷ್ಟು ಜೋರು ಇರುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಮರಿಗಳ ಮೆದುಳಿಗೆ ಚುಚ್ಚುವುದು ಏಕೆ, ಆ ಜಾಗವನ್ನೇ ನೇರ ಓದಬಹುದಲ್ವಾ? ವೈರಸ್ಸಿನ ಜೀನಿನ ತುಣುಕನ್ನು ನಕಲು ಮಾಡಿ ಹೆಚ್ಚಿಸಿ ಗುರುತಿಸುವ ಪಿಸಿಆರ್ ಪರೀಕ್ಷೆ ಈ ಕೆಲಸಕ್ಕೆ ಬಂದದ್ದು ಹೀಗೆ. 2002-03ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೋಗ ಹಬ್ಬಿ 30 ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಲ್ಲಬೇಕಾಯಿತು. ದಿನಗಟ್ಟಲೆ ಕಾಯುವ ಬದಲು ಗಂಟೆಗಳಲ್ಲಿ ಉತ್ತರ ಕೊಡುವ ರಿಯಲ್-ಟೈಮ್ ಪಿಸಿಆರ್ ಆಗ ಕೆಲಸಕ್ಕೆ ಬಂತು. ಮೊದಲ ಹೆಜ್ಜೆಯಲ್ಲಿ ಆರು ಜೀನುಗಳಲ್ಲಿ ಇನ್ನೊಂದಾದ ಎಂ ಜೀನ್ ಹುಡುಕುತ್ತಾರೆ, ಈ ಜಾತಿಯ ವೈರಸ್ ಇದೆಯೇ ಎಂದು. ಅದು ಲಾಸೋಟಾವನ್ನೂ ಹಿಡಿಯುತ್ತದೆ, ಮಾರಿಯನ್ನೂ ಹಿಡಿಯುತ್ತದೆ. ಎರಡನೇ ಹೆಜ್ಜೆಯಲ್ಲಿ ಎಫ್ ಜೀನಿನ ಕತ್ತರಿ ಜಾಗ. ಅಲ್ಲೂ ಪಾಸಿಟಿವ್ ಬಂದರೆ ಮಾರಕ.

ಅಮೆರಿಕದಲ್ಲಿ ಇದು ಸಲೀಸು. ಅಲ್ಲಿ ಬಳಸುವ ಲಸಿಕೆಗಳು ಸೌಮ್ಯ ತಳಿಯವು. ನಮ್ಮಲ್ಲಿ ಆರ್ ಟು ಬಿ ಇದೆ. ಅದರ ಕತ್ತರಿ ಜಾಗ ಮಾರಕ ತಳಿಗಳ ಥರವೇ. ಮರಿಗಳ ಪರೀಕ್ಷೆಯಲ್ಲೂ ಅದು 0.7ರ ಗಡಿ ದಾಟುತ್ತದೆ. ಅಂದರೆ ನಿಯಮದ ಪ್ರಕಾರ ನಮ್ಮ ಲಸಿಕೆಯೇ 'ಮಾರಕ' ಪಟ್ಟಿಗೆ ಬರುತ್ತದೆ. ಲಸಿಕೆ ಹಾಕಿದ ಮೇಲೆ ಕೆಲವು ದಿನ ಕೋಳಿಯಿಂದ ಆ ವೈರಸ್ ಹೊರಬರುತ್ತಲೇ ಇರುತ್ತದೆ. ಆಗ ತೆಗೆದ ಸ್ಯಾಂಪಲ್ಲಿನಲ್ಲಿ ಎಂ ಪಾಸಿಟಿವ್, ಎಫ್ ಪಾಸಿಟಿವ್. ರಿಪೋರ್ಟ್ ಸುಳ್ಳಲ್ಲ. ಆದರೆ ಫಾರಂನವರು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಆರ್ ಟು ಬಿ ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ಆದರೆ ಅದು ಕೊಡುವ ಗಟ್ಟಿ, ದೀರ್ಘ ರಕ್ಷಣೆ ಎಷ್ಟೋ ಹಿತ್ತಿಲುಗಳ ನಾಟಿ ಕೋಳಿಗಳನ್ನು ಉಳಿಸಿದೆ.

ಇದರ ಉಲ್ಟಾ ತೊಂದರೆಯೂ ಇದೆ. ಪಿಸಿಆರ್ ಕಿಟ್ಟಿನ ಪ್ರೋಬು, ಅಂದರೆ ವೈರಸ್ಸನ್ನು ಗುರುತಿಸುವ ಚಿಕ್ಕ ಜೀನ್ ತುಣುಕು, ವೈರಸ್ಸಿನ ಅಕ್ಷರಗಳಿಗೆ ಸರಿಯಾಗಿ ಕೂತರೆ ಮಾತ್ರ ಬೆಳಗುತ್ತದೆ. ಅಕ್ಷರ ಬದಲಾದ ತಳಿ ಬಂದರೆ ಕೋಳಿ ಸತ್ತಿದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು. ಭಾರತದ ಫಾರಂಗಳಲ್ಲಿ ಜಾಸ್ತಿ ಸಿಗುತ್ತಿರುವುದು 13ನೇ ಜೀನೋಟೈಪಿನ (ಜೀನಿನ ಹೋಲಿಕೆ ನೋಡಿ ಮಾಡಿದ ಗುಂಪು) ವೈರಸ್. ಲಾಸೋಟಾ 2ನೆಯದು, ಆರ್ ಟು ಬಿ 3ನೆಯದು. ಇವೆಲ್ಲ ಒಂದೇ ಸೀರೋಟೈಪ್, ಅಂದರೆ ಒಂದರ ಪ್ರತಿಕಾಯ ಇನ್ನೊಂದನ್ನೂ ಹಿಡಿಯುತ್ತದೆ; ಆದ್ದರಿಂದ ಸರಿಯಾಗಿ ಹಾಕಿದ ಹಳೆಯ ಲಸಿಕೆ ಕೋಳಿಯನ್ನು ಬಹುಮಟ್ಟಿಗೆ ಸಾವಿನಿಂದ ಕಾಪಾಡುತ್ತದೆ. ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆ ಹಾಕಿದ ಕೋಳಿ ಚೆನ್ನಾಗಿಯೇ ಇದ್ದು ವೈರಸ್ ಹರಡುತ್ತಿರಬಹುದು. 'ವೈರಸ್ ಬದಲಾಗಿದೆ, ಲಸಿಕೆ ದಂಡ' ಎಂಬ ಮಾತು ಅರ್ಧ ಮಾತ್ರ ನಿಜ.

ಗಂಟು ಬಿಚ್ಚುವುದು ಸೀಕ್ವೆನ್ಸಿಂಗ್, ಅಂದರೆ ಜೀನಿನ ಅಕ್ಷರಗಳನ್ನು ಒಂದೊಂದಾಗಿ ಓದುವುದು. ಎಫ್ ಜೀನನ್ನು ಪೂರ್ತಿ ಓದಿದರೆ ಇದು ಲಾಸೋಟಾ, ಇದು ಆರ್ ಟು ಬಿ, ಇದು 13ನೇ ಗುಂಪಿನ ರೋಗದ ವೈರಸ್ ಎಂದು ಬೇರೆ ಬೇರೆ ಹೇಳಬಹುದು. ಸೀಕ್ವೆನ್ಸಿಂಗ್ ಈಗ ಮೊದಲಿನಷ್ಟು ದುಬಾರಿಯಲ್ಲ. ಆದರೂ ಬಹುಪಾಲು ಓದುಗಳು ಸಂಶೋಧನಾ ಲೇಖನಗಳಲ್ಲೇ ಉಳಿಯುತ್ತವೆ, ಫಾರಂಗೆ ವಾಪಸ್ ಬರುವುದು ಅಪರೂಪ. ಹಿತ್ತಿಲಿನ ಕೋಳಿಗಂತೂ ಸ್ಯಾಂಪಲ್ ಹೋಗುವುದೇ ಇಲ್ಲ. ಹತ್ತು ಕೋಳಿ ಸಾಕುವ ಹೆಂಗಸಿಗೆ ನೂರು ಡೋಸಿನ ಸೀಸೆ ಒಡೆಸುವುದೂ ಕಷ್ಟ, ಅದನ್ನು ತಣ್ಣಗಿಡುವುದೂ ಕಷ್ಟ. ನಾಲ್ಕು ಕೋಳಿ ತೂಕಡಿಸಿದರೆ ಉಳಿದವನ್ನು ಸಂತೆಗೆ ಒಯ್ದು ಮಾರಿಬಿಡುತ್ತಾರೆ, ರೋಗವೂ ಜೊತೆಗೆ ಹೋಗುತ್ತದೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ಬಿಸಿ ತಡೆಯುವ ಲಸಿಕೆಗಳು ಇವೆ: ಆಸ್ಟ್ರೇಲಿಯಾದಲ್ಲಿ ಹುಟ್ಟಿ ಆಫ್ರಿಕಾದ ಹಳ್ಳಿಗಳಿಗೆ ಹೋದ ಐ-2, ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯ ತಿನ್ನುವ ಗುಳಿಗೆಯಾಗಿ ಮಾಡಿದ ಡಿ58. ಇವು ನಮ್ಮ ಹಳ್ಳಿಗಳಿಗೂ ಬರಬೇಕು.

ಅಲ್ಲಿಯವರೆಗೆ ಇರುವ ಪರೀಕ್ಷೆಯಿಂದಲೇ ಸರಿಯಾದ ಉತ್ತರ ಪಡೆಯುವುದು ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲೂ ಇದೆ. ಗಂಟಲು ಮತ್ತು ಗುದದ ಸ್ವಾಬ್ ಮಾತ್ರ ಕಳಿಸಿದರೆ ಲಸಿಕೆಯ ಲಾಸೋಟಾ ಸಿಗುವ ಸಾಧ್ಯತೆ ಹೆಚ್ಚು, ಅದು ಇರುವುದೇ ಅಲ್ಲಿ. ಈಗಷ್ಟೇ ಸತ್ತ ಕೋಳಿಯನ್ನು ಸೋರದ ಹಾಗೆ ಕಟ್ಟಿ ಐಸಿನಲ್ಲಿಟ್ಟು ಕಳಿಸಿದರೆ ಲ್ಯಾಬಿನವರು ಮೆದುಳು, ಗುಲ್ಮದಿಂದ ಸ್ಯಾಂಪಲ್ ತೆಗೆಯಬಹುದು. ಮೆದುಳಿನಲ್ಲಿ ವೈರಸ್ ಸಿಕ್ಕರೆ ಅದನ್ನು ಲಾಸೋಟಾ ಎಂದು ತಳ್ಳಿಹಾಕುವುದು ಕಷ್ಟ. ಕರ್ನಾಟಕದವರಿಗೆ ಹತ್ತಿರದ ಪಶು ಆಸ್ಪತ್ರೆ, ಅಲ್ಲಿಂದ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯ ದಾರಿ ಇದೆ. ಕಳಿಸುವ ಚೀಟಿಯಲ್ಲಿ ಕೋಳಿಯ ವಯಸ್ಸು, ಎಷ್ಟು ಸತ್ತವು, ಯಾವ ಲಸಿಕೆ, ಯಾವ ತಾರೀಖು ಎಂದು ಬರೆಯಿರಿ. ಆರ್ ಟು ಬಿ ಹಾಕಿಸಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ.